ಹಳೇ ಟಿವಿ ಗೇಮ್ ಮನೆಯಲ್ಲಿ ಮತ್ತೆ: ದಾವಣಗೆರೆ, ದುರ್ಗದವರ ಅನುಭವ

ಕೇಳಿದವರು, ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆ ಅಕ್ಕನ ಮಗ ಬರ್ತಿದಾನೆ. ನಾವು ಚಿಕ್ಕವರಿದ್ದಾಗ ಆಡಿದ ಕಾಂಟ್ರಾ, ಮಾರಿಯೋ, ಪಾರ್ಲರ್‌ನಲ್ಲಿ ಕಾಯಿನ್ ಹಾಕಿ ಆಡ್ತಿದ್ದ ಮುಸ್ತಫಾ, ಜೊತೆಗೆ ಒಂದೆರಡು ಪ್ಲೇಸ್ಟೇಷನ್ ಗೇಮ್, ಇಷ್ಟು ಟಿವಿಯಲ್ಲಿ ಆಡೋ ಹಾಗಾಗ್ಬೇಕು. ಹಳೇ ಐ5 ಪಿಸಿ, 8 ಜಿಬಿ ರ‍್ಯಾಮ್ ಇರೋದು, ಸುಮ್ನೆ ಕೂತಿದೆ. ಟಿವಿ 43 ಇಂಚಿನ 4ಕೆ. ಇದೇ ಪಿಸಿ ಸಾಕಾ, ರಾಸ್ಪ್‌ಬೆರಿ ಪೈ (ಸಣ್ಣ ಕಂಪ್ಯೂಟರ್ ಬೋರ್ಡ್) ತಗೋಬೇಕಾ? 10,000 ಗೇಮ್ ಇದೆ ಅಂತ ಮಾರೋ, ಟಿವಿಗೆ ಸಿಗಿಸೋ ಸ್ಟಿಕ್ ಹೇಗೆ? ಫ್ರೆಂಡ್ ಮನೇಲಿ ನೋಡಿದಾಗ ಬಟನ್ ಒತ್ತಿದ ಮೇಲೆ ಮಾರಿಯೋ ತಡವಾಗಿ ಹಾರ್ತಿದ್ದ, ಅದೇ ನನಗೆ ದೊಡ್ಡ ಚಿಂತೆ. ಮಾಡಿ ನೋಡಿದವರು ಹೇಳಿ.

ಕೆ.ಟಿ.ಜೆ. ನಗರದಿಂದ:

ಅಣ್ಣಾ, ಪಿಸಿ ಇರುವಾಗ ಪೈಗೆ ದುಡ್ಡು ಹಾಕ್ಬೇಡಿ. ಪೈ ಬೋರ್ಡ್ ಒಂದೇ ಅಲ್ಲ, ಅದಕ್ಕೆ ಚಾರ್ಜರ್, ಕಾರ್ಡ್, ಕೇಸು, ಫ್ಯಾನು ಎಲ್ಲ ಸೇರಿದರೆ ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿಯ ರೇಟಿಗೆ ಬಂದು ನಿಲ್ಲುತ್ತೆ. ನಿಮ್ಮ ಐ5 ಪ್ಲೇಸ್ಟೇಷನ್ 1, ಪಿಎಸ್‌ಪಿ ತನಕ ಆರಾಮಾಗಿ ಎಳೆಯುತ್ತೆ.

ಬಟೋಸೆರಾ ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಇದೆ, ಹಳೇ ಗೇಮ್ ಯಂತ್ರಗಳ ಹಾಗೇ ನಡೆದು ಅವುಗಳ ಗೇಮ್ ಓಡಿಸೋ ಸಾಫ್ಟ್‌ವೇರ್‌ಗಳು, ಅಂದರೆ ಎಮ್ಯುಲೇಟರ್‌ಗಳು, ಅದರಲ್ಲೇ ಇರುತ್ತೆ. ಅದನ್ನ 32 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ಗೆ ಬರೆದು, ಪಿಸಿಯ ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್) ಸೆಕ್ಯೂರ್ ಬೂಟ್ ಆಫ್ ಮಾಡಿ, ಯುಎಸ್‌ಬಿಯಿಂದ ಆನ್ ಮಾಡಿದರೆ ಆಯ್ತು. ಒಳಗಿರೋ ವಿಂಡೋಸ್‌ಗೆ ಏನೂ ಆಗಲ್ಲ, ಡ್ರೈವ್ ಕಿತ್ತರೆ ಪಿಸಿ ಮೊದಲಿನ ಹಾಗೇ. ಯುಎಸ್‌ಬಿ 3.0 ಡ್ರೈವೇ ತಗೊಳ್ಳಿ, 2.0 ಆದರೆ ಮೆನು ತೆರೆಯೋದಕ್ಕೂ ಕಾಯ್ಬೇಕು. ಪಿಸಿ, ಲ್ಯಾಪ್‌ಟಾಪ್ ಎರಡೂ ಒಂದೇ ವೈಫೈನಲ್ಲಿದ್ದರೆ ನೆಟ್‌ವರ್ಕ್ ಫೋಲ್ಡರ್ ಆಗಿ ಕಾಣಿಸುತ್ತೆ, ಫೈಲ್ ಅಲ್ಲಿಗೇ ಎಳೆದು ಹಾಕಬಹುದು.

ಪ್ಲೇಸ್ಟೇಷನ್ ಗೇಮಿಗೆ ಬೇರೆಯದೇ ಬಯೋಸ್ ಫೈಲ್ ಬೇಕು, ಆ ಯಂತ್ರದ ಒಳಗಿನ ಮೂಲ ಪ್ರೋಗ್ರಾಂನ ಪ್ರತಿ ಅದು. ಹೆಸರು ಒಂದಕ್ಷರ ಆಚೀಚೆ ಆಗಬಾರದು, ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಕೂಡ. ಬಟೋಸೆರಾ ಮೆನುವಿನಲ್ಲೇ ಯಾವ ಬಯೋಸ್ ಇಲ್ಲ ಅಂತ ಪಟ್ಟಿ ಕೊಡುತ್ತೆ, ಮೊದಲು ಅದನ್ನ ನೋಡಿ. ನಿಮ್ಮ ಹಳೇ ಸಿಡಿಗಳನ್ನ ಸಿಎಚ್‌ಡಿ ಅನ್ನೋ ಕುಗ್ಗಿಸಿದ ಫೈಲ್ ರೂಪಕ್ಕೆ ಮಾಡಿಟ್ಟುಕೊಂಡರೆ ಜಾಗ ಉಳಿಯುತ್ತೆ, ಒಂದು ಸಿಡಿಗೆ ಒಂದೇ ಫೈಲ್. ಎರಡು ಮೂರು ಸಿಡಿ ಇರೋ ಗೇಮಿಗೆ ಆ ಫೈಲ್‌ಗಳ ಹೆಸರು ಬರೆದ ಎಂ3ಯು ಪಟ್ಟಿ ಮಾಡಿ, ಆಟದ ಮಧ್ಯೆ ಡಿಸ್ಕ್ ಬದಲಿಸೋದು ಸುಲಭ.

ವಿದ್ಯಾನಗರದಿಂದ:

ಕೊನೆಗೆ ಕೇಳಿದಿರಲ್ಲ, ಬಟನ್ ತಡ, ಅದಕ್ಕೇ ಮೊದಲು ಕೈ ಹಾಕಿ ಅಂತೀನಿ. ಬಹಳ ಜನ ಇದನ್ನ ಬಿಟ್ಟು ಮೊದಲು ಥೀಮ್, ಪೋಸ್ಟರ್, ಬ್ಯಾಕ್‌ಗ್ರೌಂಡ್ ಹಾಡು ಅಂತ ಕೂರ್ತಾರೆ. ಗೇಮ್ ಕೈಗೆ ಹತ್ತದಿದ್ದರೆ ಹುಡುಗ ಎರಡನೇ ದಿನಕ್ಕೇ ಫೋನ್ ಹಿಡೀತಾನೆ.

ತಡ ಒಂದೇ ಕಡೆಯಿಂದ ಬರಲ್ಲ. ಟಿವಿ ಸ್ವಲ್ಪ, ಕಂಟ್ರೋಲರ್ ಸ್ವಲ್ಪ, ಎಮ್ಯುಲೇಟರ್ ಸ್ವಲ್ಪ, ಕೊನೆಗೆ ಮೂಲ ಗೇಮ್‌ನ ಒಳಗೇ ಇರೋದು ಸ್ವಲ್ಪ. ಎಲ್ಲ ಸೇರಿ ಮಾರಿಯೋನ ಹೊಂಡಕ್ಕೆ ಬೀಳಿಸುತ್ತೆ. ಆ ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತೆ, ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಐದಾರು ಫ್ರೇಮ್ ತಡವಾದರೆ ಹೊಂಡದ ಅಂಚಿನಲ್ಲಿ ಒತ್ತಿದ ಜಂಪ್ ಹೊಂಡ ದಾಟಿಸಲ್ಲ.

ಟಿವಿಯಿಂದ ಶುರು ಮಾಡಿ. ಪಿಸಿ ಹಾಕಿರೋ ಎಚ್‌ಡಿಎಂಐ ಪೋರ್ಟಿಗೆ ಗೇಮ್ ಮೋಡ್ ಆನ್ ಮಾಡಿ. ಚಿತ್ರ ಚಂದ ಮಾಡೋಕೆ ಟಿವಿ ಒಳಗೆ ಮಾಡೋ ಕೆಲಸಕ್ಕೇ ಹೆಚ್ಚು ಸಮಯ ಹೋಗೋದು, ಗೇಮ್ ಮೋಡ್ ಅದನ್ನೆಲ್ಲ ನಿಲ್ಲಿಸುತ್ತೆ. ಕೆಲವು ಟಿವಿಯಲ್ಲಿ ಪೋರ್ಟ್ ಬದಲಿಸಿದರೆ ಮತ್ತೆ ಆನ್ ಮಾಡ್ಬೇಕು. ನಿಮ್ಮದು 4ಕೆ ಟಿವಿ, ಪಿಸಿ ಹಳೇದು. ಹಳೇ ಪಿಸಿಯ ಎಚ್‌ಡಿಎಂಐ 1.4 ಆಗಿದ್ದರೆ 4ಕೆ ಕೊಟ್ಟಾಗ 30 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 30 ಚಿತ್ರಕ್ಕೆ ಇಳಿಯುತ್ತೆ. ಚಿತ್ರ ನೋಡೋಕೆ ಚೂಪಾಗೇ ಇರುತ್ತೆ, ಆಟ ಮಾತ್ರ ಮಂದ. ಕೈಯಾರೆ 1080ಪಿ, 60 ಹರ್ಟ್ಜ್ ಅಂತ ಇಟ್ಟುಬಿಡಿ. ಚಿತ್ರದ ಎತ್ತರವೇ 240 ಗೆರೆ ಇರೋ ಈ ಹಳೇ ಗೇಮಿಗೆ 4ಕೆ ಬೇಕಾಗಿಯೂ ಇಲ್ಲ.

ಕಂಟ್ರೋಲರ್ ವೈರಿಂದೇ ತಗೊಳ್ಳಿ. ಕಡಿಮೆ ರೇಟಿನ ಬ್ಲೂಟೂತ್‌ನಲ್ಲಿ ತಡ ಒಂದೇ ಸಮ ಇರಲ್ಲ, ಒಮ್ಮೆ ಬೇಗ, ಒಮ್ಮೆ ನಿಧಾನ, ಅದಕ್ಕೆ ಕೈ ಒಗ್ಗೋದೇ ಇಲ್ಲ.

ಇಷ್ಟಾದ ಮೇಲೆ ರನ್-ಅಹೆಡ್ ಅನ್ನೋ ಸೆಟ್ಟಿಂಗ್. ಇದು ರೆಟ್ರೋಆರ್ಕ್‌ಗೆ (ಹಲವು ಎಮ್ಯುಲೇಟರ್‌ಗಳನ್ನ ಒಂದೇ ಕಡೆ ಓಡಿಸೋ ಸಾಫ್ಟ್‌ವೇರ್, ಅದರಲ್ಲಿ ಒಂದೊಂದು ಎಮ್ಯುಲೇಟರ್‌ಗೂ ಕೋರ್ ಅಂತಾರೆ) 2018ರಲ್ಲಿ ಬಂತು, ಬಟೋಸೆರಾ ಒಳಗೂ ರೆಟ್ರೋಆರ್ಕೇ ಇರೋದು. ಮೂಲ ಗೇಮ್ ಬಟನ್ ಓದಿ ಆ ಬದಲಾವಣೆಯನ್ನ ತೆರೆಗೆ ತರೋಕೆ ತಾನೇ ಒಂದೆರಡು ಫ್ರೇಮ್ ತಗೊಳ್ಳುತ್ತೆ. ರನ್-ಅಹೆಡ್ ಆ ಫ್ರೇಮ್‌ಗಳನ್ನ ಮರೆಯಲ್ಲೇ ಓಡಿಸಿ, ಮುಂದಿನ ಚಿತ್ರವನ್ನ ಈಗಲೇ ತೋರಿಸುತ್ತೆ. ಎಷ್ಟು ಫ್ರೇಮ್ ಅಂತ ಅಂದಾಜಿನ ಮೇಲೆ ಇಡಬೇಡಿ, ಅಳೆಯೋಕೆ ಬರುತ್ತೆ. ವಿಂಡೋಸ್‌ನಲ್ಲಿ ರೆಟ್ರೋಆರ್ಕ್ ಹಾಕಿ ಮಾರಿಯೋ ತೆರೆಯಿರಿ. ಮಾರಿಯೋ ಸುಮ್ನೆ ನಿಂತಿರುವಾಗ ಕೀಬೋರ್ಡ್‌ನ ಪಿ ಒತ್ತಿ, ಆಟ ನಿಲ್ಲುತ್ತೆ. ಈಗ ಎಕ್ಸ್ ಕೀ ಒತ್ತಿ ಹಿಡ್ಕೊಳ್ಳಿ, ಅದೇ ಜಂಪ್. ಹಿಡಿದ ಹಾಗೇ ಕೆ ಒತ್ತಿ, ಒಂದೇ ಒಂದು ಫ್ರೇಮ್ ಮುಂದೆ ಹೋಗುತ್ತೆ. ಮಾರಿಯೋ ಕದಲಲ್ಲ. ಇನ್ನೊಮ್ಮೆ ಕೆ, ಈಗ ಕಾಲು ನೆಲ ಬಿಡ್ತು. ಎರಡನೇ ಫ್ರೇಮ್‌ಗೆ ಎದ್ದ ಅಂದರೆ ಒಳಗಿನ ತಡ ಒಂದು, ರನ್-ಅಹೆಡ್ 1 ಇಡಿ. ಮೂರನೇದಕ್ಕೆ ಎದ್ದರೆ 2. ಪ್ರತಿ ಗೇಮಿಗೂ ಹೀಗೇ ನೋಡಿ, ಬಟೋಸೆರಾದಲ್ಲಿ ಆ ಗೇಮಿಗೆ ಮಾತ್ರ ಸೇವ್ ಮಾಡಿ. ಇರೋದಕ್ಕಿಂತ ಜಾಸ್ತಿ ಇಟ್ಟರೆ ಹಾರೋ ಚಲನೆಯ ಮೊದಲ ಚಿತ್ರಗಳೇ ನುಂಗಿ ಹೋಗಿ, ಮಾರಿಯೋ ಜಿಗಿದು ಕಾಣಿಸ್ಕೊಳ್ತಾನೆ, ಅದು ಇನ್ನೂ ಕೆಟ್ಟದು. ಸೌಂಡ್ ಚರಚರ ಅಂದರೆ ಸೆಕೆಂಡ್ ಇನ್‌ಸ್ಟೆನ್ಸ್ ಆಯ್ಕೆ ಆನ್ ಮಾಡಿ ನೋಡಿ.

ಇನ್ನೊಂದು ವಿಷಯ, ಇದನ್ನ ಯಾರೂ ಹೇಳಲ್ಲ. ಎಲ್ಲ ಸರಿ ಮಾಡಿದ ಮೇಲೂ "ಗೇಮ್ ಸ್ಪೀಡ್ ಜಾಸ್ತಿ ಆಯ್ತು, ನಾವು ಆಡಿದ್ದು ಹೀಗಿರಲಿಲ್ಲ" ಅಂತ ನಿಮಗೆ ಅನ್ನಿಸಬಹುದು. ಅದು ಭ್ರಮೆ ಅಲ್ಲ. 90ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಟಿವಿ ಗೇಮ್‌ಗಳು ಬಹುಪಾಲು ನಿಂಟೆಂಡೊದ 1983ರ ಫ್ಯಾಮಿಕಾಂ ನಕಲುಗಳು. ಮೂಲ ಯಂತ್ರ ಜಪಾನ್ ಟಿವಿಗೆ ತಕ್ಕಂತೆ 60ರಲ್ಲಿ ಓಡ್ತಿತ್ತು. ನಮ್ಮದು ಪಾಲ್ ಅನ್ನೋ ಪದ್ಧತಿಯ ಟಿವಿ, 50 ಹರ್ಟ್ಜ್. ಪಾಲ್‌ಗೆ ಅಂತ ಮಾಡಿದ ನಕಲು ಡಬ್ಬಿಯಲ್ಲಿ ಅದೇ ಕ್ಯಾಸೆಟ್ ಹಾಕಿದರೆ ಆಟವೂ ಹಾಡೂ ಆರರಲ್ಲಿ ಒಂದು ಪಾಲು ನಿಧಾನ. ಫ್ಯಾಮಿಕಾಂ ಗೇಮ್ ಓಡಿಸೋ ನೆಸ್ಟೋಪಿಯಾ ಕೋರ್‌ನ ಸಿಸ್ಟಮ್ ಆಯ್ಕೆಯಲ್ಲಿ ಡೆಂಡಿ ಅಂತ ಒಂದಿದೆ, ರಷ್ಯಾದಲ್ಲಿ ಮಾರಾಟವಾಗ್ತಿದ್ದ ಇಂಥದೇ ಪಾಲ್ ನಕಲಿನ ಹೆಸರು ಅದು. ಅದನ್ನ ಆರಿಸಿ, ಪಿಸಿಯ ಔಟ್‌ಪುಟ್ಟನ್ನೂ 50 ಹರ್ಟ್ಜ್‌ಗೆ ಇಳಿಸಿ. ಕಾಂಟ್ರಾದ ಮೊದಲ ಹಂತದ ಹಾಡು ಶುರುವಾದ ಕೂಡಲೇ ನಿಮಗೇ ಗೊತ್ತಾಗುತ್ತೆ. ಹುಡುಗನಿಗೆ 60 ಇರಲಿ, ಗೇಮ್ ಮಾಡಿದವರು ಅಂದುಕೊಂಡ ವೇಗ ಅದೇ.

ಚಿತ್ರದ ಆಕಾರ 4:3 ಇಡಿ. ಪರದೆ ತುಂಬಾ ಎಳೆದು ಮಾರಿಯೋನ ಚಪ್ಪಟೆ ಮಾಡಬೇಡಿ, ಕೈಮುಗಿದು ಕೇಳ್ತೀನಿ. ಡಬ್ಬ ಟಿವಿಯ ಗೆರೆ ಬೇಕಿದ್ದರೆ ಝಡ್‌ಫಾಸ್ಟ್-ಸಿಆರ್‌ಟಿ ಅನ್ನೋ ಶೇಡರ್ (ಚಿತ್ರದ ಮೇಲೆ ಹಾಕೋ ಫಿಲ್ಟರ್) ಹಗುರ, ನಿಮ್ಮ ಪಿಸಿಗೆ ಸಾಕು.

ಚಿತ್ರದುರ್ಗ, ಹೊಳಲ್ಕೆರೆ ರಸ್ತೆಯಿಂದ:

ಮುಸ್ತಫಾ ಅಂದಿದ್ದಕ್ಕೆ ಬರೀತಿದೀನಿ. ಆ ಹೆಸರಲ್ಲಿ ಹುಡುಕಿದರೆ ಸಿಗಲ್ಲ ಸರ್. ಗೇಮ್‌ನ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್, 1993. ನಾಲ್ಕು ಜನರಲ್ಲಿ ಹಳದಿ ಟೋಪಿಯವನು ಮುಸ್ತಫಾ, ಓಡಿ ಬಂದು ಒದೆಯೋದಕ್ಕೆ ಎಲ್ಲರೂ ಅವನನ್ನೇ ಹಿಡೀತಿದ್ರು, ಗೇಮಿಗೇ ಅವನ ಹೆಸರು ನಿಂತಿತು.

ಪಾರ್ಲರ್ ಗೇಮ್ ಕ್ಯಾಸೆಟ್ ಗೇಮ್ ಥರ ಅಲ್ಲ. ಫೈಲ್ ಅಂದರೆ ಬೋರ್ಡಿನ ಒಂದೊಂದು ಚಿಪ್‌ನ ಪ್ರತಿ ಸೇರಿದ ಜಿಪ್. ಆ ಜಿಪ್ ಬಿಚ್ಚಬಾರದು, ಹೆಸರು ಬದಲಿಸಬಾರದು. ಪಾರ್ಲರ್ ಗೇಮ್ ಓಡಿಸೋ ಎಮ್ಯುಲೇಟರ್ ಆದ ಮೇಮ್‌ನಲ್ಲಿ ಇದರ ಹೆಸರು ಬರೀ ಡಿನೋ. ನೀವು ಅದನ್ನ ಮುಸ್ತಫಾ ಅಂತ ಮಾಡಿದರೆ ತೆರೆಯೋದೇ ಇಲ್ಲ. ಮೇಮ್ 1997ರಿಂದ ಬೆಳೀತಾ ಬಂದಿದೆ, ಚಿಪ್‌ನ ಸರಿಯಾದ ಪ್ರತಿ ಸಿಕ್ಕ ಹಾಗೆಲ್ಲ ಜಿಪ್ ಒಳಗೆ ಇರಬೇಕಾದ್ದು ಬದಲಾಗಿದೆ. ಅದಕ್ಕೇ ಎಮ್ಯುಲೇಟರ್ ಮತ್ತು ಜಿಪ್ ಎರಡೂ ಒಂದೇ ಆವೃತ್ತಿಯದಾಗಿರಬೇಕು. ಮೇಮ್ 2003 ಕೋರ್‌ಗೆ 0.78ನೇ ಆವೃತ್ತಿಯ ಜಿಪ್ ಸೆಟ್, ಮೇಮ್ 2010ಕ್ಕೆ 0.139. "ಒಂದು ಕಡೆ ಓಡುತ್ತೆ, ಇನ್ನೊಂದು ಕಡೆ ಕಪ್ಪು ಪರದೆ" ಅನ್ನೋ ಗೋಳಿಗೆ ಮುಕ್ಕಾಲು ಪಾಲು ಇದೇ ಕಾರಣ. ಈ ಗೇಮ್‌ನ ಸೌಂಡ್ ಕ್ಯೂಸೌಂಡ್ ಚಿಪ್‌ನದು, ಹೊಸ ಮೇಮ್‌ಗಳಲ್ಲಿ ಅದರ ಜಿಪ್ ಬೇರೆಯಾಗಿ ಪಕ್ಕದಲ್ಲಿರಬೇಕು.

ಆ 10,000 ಗೇಮ್ ಸ್ಟಿಕ್ ತಗೊಂಡು ನೋಡಿದ್ದೀನಿ. ಒಂದೇ ಗೇಮ್ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತೆ. ಸೆಟ್ಟಿಂಗ್ ಮುಟ್ಟೋಕೆ ಬಿಡಲ್ಲ, ಮೇಲೆ ವಿದ್ಯಾನಗರದವರು ಹೇಳಿದ ಒಂದು ಕೆಲಸವೂ ಅದರಲ್ಲಿ ಆಗಲ್ಲ. ಅದರಲ್ಲಿರೋ ಗೇಮ್‌ಗಳಿಗೆ ಯಾರ ಅನುಮತಿಯೂ ಇಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಾನೂನುಬದ್ಧವಾಗಿ ಕೈಲಿರೋ ಪ್ರೋಗ್ರಾಂಗೆ ಬ್ಯಾಕಪ್ ಪ್ರತಿ ಮಾಡ್ಕೊಳ್ಳೋಕೆ ಅವಕಾಶ ಇದೆ, ಊರಿಗೆಲ್ಲ ಹಂಚೋಕೆ ಇಲ್ಲ. ಕಾಂಟ್ರಾ ಬೇಕಿದ್ದರೆ ಕೊನಾಮಿ 2019ರಲ್ಲಿ ತಂದ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿದೆ, ನಿಮ್ಮ ವಿಂಡೋಸ್ ಪಿಸಿಯಲ್ಲೇ ಓಡುತ್ತೆ. ಎಲ್ಲವನ್ನೂ ತುಂಬಿಸೋ ಆಸೆ ಬೇಡ. ಹತ್ತು ಹದಿನೈದು ಗೇಮ್ ಸರಿಯಾಗಿ ಕೂರಿಸಿ, ಮಕ್ಕಳು ಅಷ್ಟನ್ನೂ ಆಡಿ ಮುಗಿಸಲ್ಲ.

ಹರಿಹರದಿಂದ:

ನಾನು ಪೈ 4ರಲ್ಲಿ ಮಾಡಿಕೊಂಡಿದ್ದೀನಿ, ಅದಕ್ಕೆ ಪೈ ಕಡೆಯಿಂದ ಎರಡು ಮಾತು. ಫೋನ್ ಚಾರ್ಜರ್ ಸಾಲಲ್ಲ, 5 ವೋಲ್ಟ್ 3 ಆಂಪಿಯರ್ ಕೊಡೋದೇ ಬೇಕು. ಮೂಲೆಯಲ್ಲಿ ಮಿಂಚಿನ ಗುರುತು ಬಂದರೆ ವೋಲ್ಟೇಜ್ ಕಡಿಮೆ ಅಂತ. ನಮ್ಮ ಕಡೆ ಏಪ್ರಿಲ್ ಸೆಕೆಗೆ ಫ್ಯಾನ್ ಇಲ್ಲದಿದ್ದರೆ 80 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸ್ಕೊಳ್ಳುತ್ತೆ, ಆಮೇಲೆ ಗೇಮ್ ಎಳೆದಾಡುತ್ತೆ. ಪಿಸಿಯವರೂ ಒಳಗಿನ ಧೂಳು ಊದಿಸಿ, ಪ್ರೊಸೆಸರ್ ಮೇಲಿನ ಪೇಸ್ಟ್ ಹೊಸದಾಗಿ ಹಚ್ಚಿಸಿ.

ನಿಜವಾದ ತೊಂದರೆ ಕರೆಂಟ್. ಆಟದ ಒಳಗೆ ಸೇವ್ ಮಾಡಿದೆವು ಅಂದ್ಕೊಂಡಿರ್ತೀವಿ, ಆದರೆ ರೆಟ್ರೋಆರ್ಕ್ ಅದನ್ನ ಡ್ರೈವ್‌ಗೆ ಬರೆಯೋದು ಗೇಮ್ ಸರಿಯಾಗಿ ಮುಚ್ಚಿದಾಗ. ಮಧ್ಯೆ ಕರೆಂಟ್ ಹೋದರೆ ಸೇವ್ ಕೂಡ ಹೋಯ್ತು. ಸೆಟ್ಟಿಂಗ್‌ನಲ್ಲಿ ಸೇವ್‌ರ‍್ಯಾಮ್ ಆಟೋಸೇವ್ ಇಂಟರ್ವಲ್ ಅಂತ ಇದೆ, ಅದಕ್ಕೆ ಹತ್ತೋ ಮೂವತ್ತೋ ಸೆಕೆಂಡ್ ಕೊಡಿ. ಬರೆಯುವಾಗಲೇ ಕರೆಂಟ್ ಹೋದರೆ ಕಾರ್ಡೇ ಕೆಡಬಹುದು, ಆದ್ದರಿಂದ ಸಣ್ಣ ಯುಪಿಎಸ್‌ಗೆ ಹಾಕಿ, ಸೇವ್ ಫೋಲ್ಡರ್‌ನ ಪ್ರತಿ ಲ್ಯಾಪ್‌ಟಾಪ್‌ನಲ್ಲಿ ಇರಲಿ.

ಯಾರ ಮನೆ ಅಟ್ಟದಲ್ಲಾದರೂ ಡಬ್ಬ ಟಿವಿ ಇದ್ದರೆ ಗುಜರಿಗೆ ಹಾಕಬೇಡ್ರಿ. ಪೈ 4ರ 3.5 ಎಂಎಂ ತೂತಿನಿಂದ ಎವಿ ಕೇಬಲ್ ಹಾಕಬಹುದು, ಮೊದಲು ಕಾನ್ಫಿಗ್ ಫೈಲ್‌ನಲ್ಲಿ ಟಿವಿ-ಔಟ್ ಆನ್ ಮಾಡ್ಬೇಕು. ಎಲ್ಲ ಎವಿ ಕೇಬಲ್‌ನ ಒಳಗಿನ ವೈರ್ ಒಂದೇ ಕ್ರಮದಲ್ಲಿರಲ್ಲ. ಚಿತ್ರ ಬರದೆ ಬರೀ ಗೊರ್ ಅಂತ ಸದ್ದು ಬಂದರೆ ಕೇಬಲ್ ಬದಲಿಸಿ, ಪೈ ಕೆಟ್ಟಿರಲ್ಲ. ಡಬ್ಬ ಟಿವಿ ಚಿತ್ರವನ್ನ ಹಿಡಿದಿಟ್ಟುಕೊಳ್ಳದೆ ಬಂದ ಹಾಗೇ ಬರೆಯುತ್ತೆ, ಹಾಗಾಗಿ ಟಿವಿ ಕಡೆಯ ತಡವೇ ಇಲ್ಲ.

ಕೇಳಿದವರು:

ಎಲ್ಲರಿಗೂ ತುಂಬ ಧನ್ಯವಾದ. ಪಿಸಿಯೇ ಗಟ್ಟಿ. 1080ಪಿ 60ಕ್ಕೆ ಇಳಿಸಿ, ಗೇಮ್ ಮೋಡ್ ಹಾಕಿದ್ದಕ್ಕೇ ಅರ್ಧ ಸಮಸ್ಯೆ ಹೋಯ್ತು, ರನ್-ಅಹೆಡ್ ಇವತ್ತು ರಾತ್ರಿ ಅಳೀತೀನಿ. ಒಂದು ಉಳಿದಿದೆ. ಬಾತುಕೋಳಿ ಹೊಡೆಯೋ ಗನ್ ಅಟ್ಟದಲ್ಲಿ ಸಿಕ್ತು. ಅದನ್ನ ಎಲ್‌ಇಡಿ ಟಿವಿಗೆ ಏನಾದ್ರೂ ಮಾಡಿ ಬಳಸಬಹುದಾ?

ವಿದ್ಯಾನಗರದಿಂದ:

ಆಗಲ್ಲ ಅಣ್ಣಾ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಮಾತ್ರ ಬಿಳಿ ಚೌಕ ಆಗುತ್ತೆ. ಗನ್ ಮೂತಿಯಲ್ಲಿರೋ ಸೆನ್ಸರ್ ಆ ಬೆಳಕನ್ನ ಆ ಕ್ಷಣದಲ್ಲೇ ನೋಡ್ಬೇಕು. ಅದು ಡಬ್ಬ ಟಿವಿಯ ಬೆಳಕಿಗೆ ಅಂತಲೇ ಮಾಡಿದ್ದು, ಎಲ್‌ಇಡಿಯಲ್ಲಿ ಚೌಕ ತಡವಾಗಿ ಬರುತ್ತೆ, ಗನ್‌ಗೆ ಕಾಣಲ್ಲ. ಸದ್ಯಕ್ಕೆ ನೆಸ್ಟೋಪಿಯಾದಲ್ಲಿ ಎರಡನೇ ಪೋರ್ಟಿಗೆ ಝ್ಯಾಪರ್ (ನಿಂಟೆಂಡೊದ ಆ ಗನ್‌ನ ಹೆಸರು) ಆರಿಸಿ ಮೌಸ್‌ನಲ್ಲಿ ಗುರಿ ಇಡಿ. ನಿಜವಾಗಿ ಗನ್ ಹಿಡಿದೇ ಆಡ್ಬೇಕು ಅಂದರೆ ಕ್ಯಾಮೆರಾ ಇರೋ ಸಿಂಡನ್ ಗನ್ ಅಂತ ಬರುತ್ತೆ, ಬಟೋಸೆರಾ ಅದನ್ನ ಗುರುತಿಸುತ್ತೆ, ಆದರೆ ಅದರ ರೇಟ್ ನೋಡಿಕೊಂಡು ಹೋಗಿ. ಅಟ್ಟದ ಗನ್ ಮಾತ್ರ ಎಸೀಬೇಡಿ. ಹಳೇ ಡಬ್ಬಿ, ಡಬ್ಬ ಟಿವಿ ಎರಡೂ ಯಾರ ಮನೇಲಾದ್ರೂ ಸಿಕ್ಕರೆ ಹಾಕಿ ನೋಡಿ, ಅದಕ್ಕೆ ಬೇಕಾಗಿರೋದು ಅವೆರಡೇ.