ಸಹಾಯ ಬೇಕು: ಕಲಬುರಗಿ ಬಿಸಿಲಿಗೆ ಯಾವ ಪಿಸಿ ಕ್ಯಾಬಿನೆಟ್, ಎಷ್ಟು ಫ್ಯಾನ್?

ನಮಸ್ಕಾರ ಗೆಳೆಯರೇ. ವಿಡಿಯೋ ಎಡಿಟಿಂಗಿಗೆ ಪಿಸಿ ಜೋಡಿಸುತ್ತಿದ್ದೇನೆ. ಪ್ರೊಸೆಸರ್ ರೈಜೆನ್ 5 7600, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060 ಬಂದಾಯ್ತು. ಕ್ಯಾಬಿನೆಟ್ ಮಾತ್ರ ಬಾಕಿ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ರೂಮಿನಲ್ಲಿ ಎಸಿ ಇಲ್ಲ. ಮುಂದೆ ಗಾಜು ಇದ್ದರೆ ನೋಡೋಕೆ ಚೆಂದ, ಆದರೆ ಗಾಳಿ ಎಲ್ಲಿಂದ ಬರಬೇಕು? ಮುಂದೆ ಮೆಶ್ (ಜಾಲರಿ) ಇರುವುದೇ ಬೇಕು. ಧೂಳಿನದೇ ಚಿಂತೆ, ಫಿಲ್ಟರ್ ಬಿಚ್ಚಿ ತೊಳೆಯುವ ಹಾಗಿರಬೇಕು.

ಮುಂದೆ 140 ಎಂಎಂನ ಎರಡು ಫ್ಯಾನ್ ಒಳಕ್ಕೆ, ಹಿಂದೆ 120 ಎಂಎಂನ ಒಂದು ಹೊರಕ್ಕೆ ಅಂದುಕೊಂಡಿದ್ದೇನೆ. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಸಂದಿಗಳಿಂದ ಧೂಳು ಎಳೆಯುವುದು ಕಡಿಮೆ, ಅಲ್ವಾ? ಮೇಲೊಂದು ಫ್ಯಾನ್ ಬೇಕಾ, ಸುಮ್ನೆ ದುಡ್ಡು ದಂಡವಾ? ಮದರ್‌ಬೋರ್ಡಿನಲ್ಲಿ ಕ್ಯಾಬಿನೆಟ್ ಫ್ಯಾನಿಗೆ ನಾಲ್ಕು ಪಿನ್ನಿನ ಎರಡೇ ಜಾಗ ಇವೆ. ಮುಂದಿನ ಎರಡನ್ನೂ ಸ್ಪ್ಲಿಟರ್ (ಒಂದನ್ನು ಎರಡು ಮಾಡುವ ವೈರ್) ಹಾಕಿ ಒಂದಕ್ಕೇ ಕೊಡಬಹುದಾ?

ಬಣ್ಣದ ಲೈಟು ಬೇಡವೇ ಬೇಡ. ಕ್ಯಾಬಿನೆಟ್, ಫ್ಯಾನ್ ಎಲ್ಲ ಸೇರಿ 7,000 ರೂಪಾಯಿ ಒಳಗೆ. ಬಳಸಿದವರು ಮಾಡೆಲ್ ಹೆಸರು ಹೇಳಿ.