ರಾತ್ರಿ ಸ್ಟೇಜ್ ಕಾರ್ಯಕ್ರಮಕ್ಕೆ 45 ಸಾವಿರದೊಳಗೆ ಯಾವ ಕ್ಯಾಮೆರಾ? (ಕೋಲಾರ)

ಅಂತರಗಂಗೆ_ಕ್ಲಿಕ್:
ಎಲ್ಲರಿಗೂ ನಮಸ್ಕಾರ. ಗಣೇಶನ ಆರ್ಕೆಸ್ಟ್ರಾ, ಟಿ. ಚನ್ನಯ್ಯ ರಂಗಮಂದಿರದ ಕಾರ್ಯಕ್ರಮ, ಗುರುಪೂರ್ಣಿಮೆಗೆ ಕೈವಾರದ ಸಂಗೀತೋತ್ಸವ, ಜಾತ್ರೆ ತಮಟೆ. ತೆಗೀಬೇಕಿರೋದು ಇಷ್ಟು, ಹೆಚ್ಚಿನವು ರಾತ್ರಿ ಹೊತ್ತಿನವು. ಈಗಿರೋದು ಕೆನಾನ್ 1500ಡಿ, ಜೊತೆಗೆ ಬಂದ 18-55 ಲೆನ್ಸ್. ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ಕ್ಕೆ ಏರಿಸಿದರೆ ಫೋಟೋ ತುಂಬ ಕಾಳು, ಇಳಿಸಿದರೆ ಮುಖ ಕದಲಿರುತ್ತೆ. ಸಂಗೀತ ಕಚೇರಿಯಲ್ಲಿ ಫ್ಲ್ಯಾಶ್ ಹೊಡೆಯೋ ಹಾಗಿಲ್ಲ. ಸೆಕೆಂಡ್ ಹ್ಯಾಂಡ್ ಆದರೂ ಸರಿ. ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಬದಲಾಯಿಸಲಾ?

ಎಫ್_ಒಂದೂವರೆ:
ಬಾಡಿಗೆ ಈಗಲೇ ಕೈ ಹಾಕಬೇಡಿ ಸರ್. ನಿಮ್ಮ 18-55 ಜೂಮ್ ಎಳೆದು 55ಕ್ಕೆ ಬಂದರೆ ಎಫ್ 5.6 ಆಗುತ್ತೆ (ಎಫ್ ಸಂಖ್ಯೆ ಕಮ್ಮಿ ಇದ್ದಷ್ಟೂ ಬೆಳಕು ಜಾಸ್ತಿ). ಅದೇ ಜಾಗಕ್ಕೆ 50 ಎಂಎಂ ಎಫ್ 1.8 ಹಾಕಿದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತೆ. ಅಂದರೆ ಕಿಟ್ ಲೆನ್ಸಿನಲ್ಲಿ 16000 ಐಎಸ್‌ಓ ಕೇಳೋ ಬೆಳಕಿಗೆ ಇಲ್ಲಿ 1600 ಸಾಕು. ಬಾಡಿ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನದು) ಮಾಡಿಕೊಂಡರೆ ಸಿಗೋದು ಬರೀ ಎರಡೂವರೆ ಪಟ್ಟು. ಕೆನಾನಿನ ಈ 50 ಎಂಎಂ ಲೆನ್ಸ್ (50 ಎಸ್‌ಟಿಎಂ) ಹೊಸದೇ ಹತ್ತು ಸಾವಿರದ ಆಸುಪಾಸು.

ನಾಲ್ಕು ಮೀಟರ್ ದೂರದಿಂದ ಕ್ಯಾಮೆರಾ ಅಡ್ಡ ಹಿಡಿದರೆ 1.8 ಮೀಟರ್ ಅಗಲ ಸಿಗುತ್ತೆ. ಕೂತು ಪಿಟೀಲು ನುಡಿಸೋರು ಪೂರ್ತಿ ಬರ್ತಾರೆ. ಎಂಟು ಮೀಟರ್ ಆಚೆ ಕೂರೋದಾದರೆ 85 ಎಂಎಂ ಎಫ್ 1.8 ನೋಡಿ.

ಮ್ಯಾನ್ಯುಯಲ್ ಮೋಡ್, ಎಫ್ 1.8 ಅಥವಾ 2, ಶಟರ್ 1/160 ಸೆಕೆಂಡ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ಆಟೋಗೆ ಬಿಟ್ಟರೆ ಹಿಂದಿನ ಕಪ್ಪು ಪರದೆ ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸುತ್ತೆ, ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತೆ. ಇನ್ನೊಂದು, ಮೂರು ಮೀಟರಿನಲ್ಲಿ ಎಫ್ 1.8ಕ್ಕೆ ಫೋಕಸ್ ಆಳ (ಸ್ಪಷ್ಟವಾಗಿ ಬರೋ ಜಾಗ) ಒಟ್ಟು 25 ಸೆಂ.ಮೀ. ಮಾತ್ರ. ಎಲ್ಲಾ ಫೋಕಸ್ ಪಾಯಿಂಟ್ ಆನ್ ಇದ್ದರೆ ಕ್ಯಾಮೆರಾ ಮೈಕನ್ನೇ ಹಿಡಿಯುತ್ತೆ. ಒಂದೇ ಪಾಯಿಂಟ್ ಇಟ್ಟು ಕಣ್ಣಿನ ಮೇಲೆ ತನ್ನಿ.

ಹಳೇ_ಶಟರ್:
ಲೆನ್ಸ್ ಮೊದಲು ಅನ್ನೋದು ಒಪ್ಪಿದೆ. ಆದರೆ 1500ಡಿ ಕತ್ತಲಲ್ಲಿ ಫೋಕಸ್‌ಗೆ ತಡಕಾಡುತ್ತೆ, ಅದನ್ನ ಲೆನ್ಸ್ ಪೂರ್ತಿ ಸರಿ ಮಾಡಲ್ಲ. ಲೆನ್ಸ್ ಬಾಡಿ ಹೊಂದದೆ ಫೋಕಸ್ ಕಿವಿ ಮೇಲೆ ಕೂತರೆ ತಿದ್ದೋ ಮೆನುವೂ ಅದರಲ್ಲಿಲ್ಲ. ಸ್ಕ್ರೀನ್ ನೋಡಿಕೊಂಡು ಲೈವ್ ವ್ಯೂನಲ್ಲಿ ಹಿಡಿದರೆ ಸರಿಯಾಗಿ ಕೂರುತ್ತೆ, ನಿಧಾನ ಅಷ್ಟೆ. ಉಳಿದ ದುಡ್ಡಿಗೆ 2012ರ ಫುಲ್‌ಫ್ರೇಮ್ ಬಾಡಿ ಕೆನಾನ್ 6ಡಿ ಹಳೇದು ಹುಡುಕಿ. ಅದರ ನಡುವಿನ ಪಾಯಿಂಟ್ ಮೈನಸ್ 3 ಇವಿ ಬೆಳಕಿನಲ್ಲೂ, ಅಂದರೆ ಬೆಳದಿಂಗಳಲ್ಲೂ, ಹಿಡಿಯುತ್ತೆ. ಪಕ್ಕದ ಹತ್ತು ಪಾಯಿಂಟ್ ನೆಚ್ಚಿಕೊಳ್ಳಬೇಡಿ. ನಡುವಿನದರಲ್ಲೇ ತೆಗೆದು ಆಮೇಲೆ ಕ್ರಾಪ್ ಮಾಡಿ. ನಿಮ್ಮ 18-55 ಮಾತ್ರ 6ಡಿಗೆ ಕೂರಲ್ಲ, 50 ಕೂರುತ್ತೆ.

ನಿಕಾನ್ ಡಿ750 ಇನ್ನೂ ಒಳ್ಳೇದು, ಸುಳ್ಳು ಹೇಳಲ್ಲ. ಆದರೆ ಕೆನಾನ್ ಲೆನ್ಸ್ ಅದಕ್ಕೆ ಕೂರಲ್ಲ, ಲೆನ್ಸೂ ಹೊಸದಾಗಿ ತಗೋಬೇಕು, ಬಜೆಟ್ ಹರಿದುಹೋಗುತ್ತೆ.

ಬೆಂಗಳೂರಿಗೆ ಹೋದಾಗ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. 6ಡಿ ಶಟರ್ ಎಣಿಕೆ (ಇದುವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನೋದು) ಫೋಟೋ ಫೈಲಿನಲ್ಲಿ ಇರಲ್ಲ, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಸಾಫ್ಟ್‌ವೇರಿನಲ್ಲಿ ನೋಡಬೇಕು. ಕಂಪನಿ ಲೆಕ್ಕದಲ್ಲಿ ಶಟರ್ ಆಯುಸ್ಸು 1 ಲಕ್ಷ ಕ್ಲಿಕ್. ಲೆನ್ಸ್ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆ ತರ ಎಳೆ ಕಂಡರೆ ಫಂಗಸ್. ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ.

ಪಾರ್_ಲೈಟ್_ಚಿಂತಾಮಣಿ:
ಕ್ಯಾಮೆರಾ ಮಾತಾಯ್ತು, ಲೈಟಿನ ವಿಷಯ ಯಾರೂ ಎತ್ತಲಿಲ್ಲ. ಆರ್ಕೆಸ್ಟ್ರಾದಲ್ಲಿ ಅರ್ಧ ಫೋಟೋ ಕೆಡೋದು ಅದರಿಂದಲೇ.

ಎಲ್‌ಇಡಿ ಪಾರ್ ಲೈಟ್ (ಸ್ಟೇಜಿನ ಬಣ್ಣದ ದೀಪ) ಕೆಂಪು ಅಥವಾ ನೀಲಿ ಮಾತ್ರ ಬಿಟ್ಟಾಗ ಫೋಟೋದ ಕೆಂಪು, ಹಸಿರು, ನೀಲಿಯಲ್ಲಿ ಒಂದೇ ಬಣ್ಣದ ಚಾನೆಲ್ ತುಂಬಿ ಹರಿಯುತ್ತೆ. ಮುಖ ಕೆಂಪು ಪ್ಲಾಸ್ಟಿಕ್ ಆಗುತ್ತೆ, ಮೂಗು ಕೆನ್ನೆ ಗೆರೆ ಎಲ್ಲಾ ಮಾಯ. ಸಾಮಾನ್ಯ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸೋ ಗ್ರಾಫ್) ಚೆನ್ನಾಗೇ ಕಾಣುತ್ತೆ, ಅದನ್ನ ನಂಬಬೇಡಿ. ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿ, ಕೆಂಪು ಬಲಗೋಡೆಗೆ ಒತ್ತಿದ್ದರೆ ಒಂದು ಸ್ಟಾಪ್ (ಬೆಳಕು ಅರ್ಧಕ್ಕೆ) ಇಳಿಸಿ. ಆಗಲೂ ಉಳಿಯದಿದ್ದರೆ ಕಪ್ಪು-ಬಿಳುಪು ಮಾಡೋದೇ ದಾರಿ. ಇಲ್ಲಾಂದ್ರೆ ಬಿಳಿ ಲೈಟ್ ಬರೋವರೆಗೆ ಕಾಯಿರಿ, ಪಲ್ಲವಿಗೆ ವಾಪಸ್ ಬರುವಾಗ ಲೈಟಿನವರು ಬಹಳ ಸಲ ಕೊಡ್ತಾರೆ.

ಹಿಂದೆ ಎಲ್‌ಇಡಿ ಸ್ಕ್ರೀನ್ ಇದ್ದರೆ ಅಡ್ಡಪಟ್ಟೆ ಬರುತ್ತೆ. 6ಡಿಯಲ್ಲಿ 1/180ಕ್ಕಿಂತ ವೇಗ ಹೋದರೆ ಶಟರ್ ಪೂರ್ತಿ ತೆರೆಯಲ್ಲ, ಸೀಳು ಸರಿದುಕೊಂಡು ಹೋಗುತ್ತೆ. ಅಷ್ಟರಲ್ಲಿ ಲೈಟ್ ಮಿನುಗಿದರೆ ಪಟ್ಟೆ. 1/125, ಆಗಲಿಲ್ಲ ಅಂದರೆ 1/100ಕ್ಕೆ ಇಳಿಸಿ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ತಗೊಂಡರೆ ಸೈಲೆಂಟ್ ಶಟರ್ ಆಫ್ ಮಾಡಿ, ಈ ಪಟ್ಟೆ ಅದರಲ್ಲಿ ಇನ್ನೂ ಜಾಸ್ತಿ.

ಅಂತರಗಂಗೆ_ಕ್ಲಿಕ್:
ಬಹಳ ಉಪಕಾರ. 50 ಎಸ್‌ಟಿಎಂ ಮೊದಲು ತರ್ತೀನಿ. ತಮಟೆಗೂ 1/160 ಸಾಕಾ? ಅವರು ಕುಣಿದುಕೊಂಡೇ ಬಾರಿಸ್ತಾರೆ.

ಎಫ್_ಒಂದೂವರೆ:
ಸಾಲಲ್ಲ. ಕಡ್ಡಿ ಗಾಳಿಯಲ್ಲಿ ನಿಲ್ಲಬೇಕಾದರೆ 1/500 ಬೇಕು, ಬೀದಿದೀಪದಲ್ಲಿ ಐಎಸ್‌ಓ 6400 ಆಗುತ್ತೆ. ಕಾಳು ಬಂದರೆ ಬರಲಿ, ಡಾರ್ಕ್‌ಟೇಬಲ್ ಅನ್ನೋ ಸಾಫ್ಟ್‌ವೇರಿನಲ್ಲಿ ಪುಕ್ಕಟೆ ತೆಗೀಬಹುದು. ಕದಲಿದ ಮುಖ ಯಾವ ಸಾಫ್ಟ್‌ವೇರಿಗೂ ಸರಿಹೋಗಲ್ಲ. ಎದುರಿನಿಂದ ಫೋಕಸ್ ಹಿಂಬಾಲಿಸೋದು ಈ ಬಾಡಿಗೆ ಕಷ್ಟ, ಪಕ್ಕದಲ್ಲಿ ನಿಂತು ಅವರು ನಿಮ್ಮ ಮುಂದೆ ಹಾಯುವಾಗ ಹೊಡೆಯಿರಿ.

ಕುಣಿತ ಶುರುವಾಗೋಕೆ ಮುಂಚೆ ಹುಲ್ಲು ಉರಿಸಿ ತಮಟೆ ಕಾಯಿಸ್ತಾರಲ್ಲ, ಅದನ್ನ ಬಿಡಬೇಡಿ. ಮೈ ಅಲ್ಲಾಡಲ್ಲ, 1/125 ಸಾಕು, ಬೆಳಕು ಕೆಳಗಿನಿಂದ ಮುಖಕ್ಕೆ ಬೀಳುತ್ತೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೋ ಬೇಡ, ಬೆಂಕಿಯ ಬಣ್ಣವನ್ನೇ ತೊಳೆದುಬಿಡುತ್ತೆ. ಡೇಲೈಟ್‌ಗೆ ಇಡಿ.