ಬಿಸಿಲು ಬಡಿಯುವ ಒಣ ಅಂಗಳಕ್ಕೆ ನಮ್ಮ ಹೊಲದ ಹೂಗಳು ಯಾವುವು?

ಬಳ್ಳಾರಿ ಬಿಸಿಲು:
ಎಲ್ಲರಿಗೂ ನಮಸ್ಕಾರ. ಮನೆ ಮುಂದೆ ಸ್ವಲ್ಪ ಜಾಗ ಇದೆ. ಗರಸು ಜಾಸ್ತಿ ಇರುವ ಕೆಂಪು ಮಣ್ಣು, ಇಡೀ ದಿನ ಬಿಸಿಲು. ನಲ್ಲಿ ನೀರು ಮನೆ ಬಳಕೆಗೇ ಸಾಲದು. ಹೋದ ವರ್ಷ ಕಾಡು ಹೂವಿನ ಬೀಜ ಅಂತ ಒಂದು ಪ್ಯಾಕೆಟ್ ತಂದು ಚೆಲ್ಲಿದೆ. ಬಂದದ್ದು ಕಾಸ್ಮಾಸ್, ಜಿನ್ನಿಯಾ. ಎರಡೂ ಮೆಕ್ಸಿಕೊ ಕಡೆಯವು. ಮಳೆ ಬಿದ್ದಾಗ ಬದುವಿನ ಮೇಲೆ ತಾವಾಗಿ ಹುಟ್ಟಿ, ಹೂಬಿಟ್ಟು, ಒಣಗಿ ಹೋಗುತ್ತವಲ್ಲ, ನನಗೆ ಅಂಥವು ಬೇಕು. ಏನು ಹಾಕಲಿ?

ಚಳ್ಳಕೆರೆ ಟೀಚರ್:
ಮೊದಲು ತುಂಬೆ ಹಾಕಿ ಸರ್. ಬೀಜಕ್ಕೆ ದುಡ್ಡು ಕೊಡಬೇಡಿ. ಮಳೆಗಾಲ ಮುಗಿದ ಮೇಲೆ ಬದುವಿನಲ್ಲಿ ಗಿಡ ಒಣಗಿ ನಿಂತಿರುತ್ತದೆ. ಗೆಣ್ಣಿನ ಸುತ್ತ ಉಂಡೆ ಕಟ್ಟಿದ ಹಾಗೆ ಕಾಣುವುದೇ ಅದರ ತೆನೆ. ಕಾಗದದ ಮೇಲೆ ಹಿಡಿದು ತಟ್ಟಿ. ಒಂದೊಂದು ಗೂಡಿನಲ್ಲಿ ನಾಲ್ಕು ಕಂದು ಬೀಜ ಇರುತ್ತವೆ.

ಮೇ ಕೊನೆಗೆ ರೋಹಿಣಿ ಮಳೆ ಬಂದಾಗ ಮರಳು ಬೆರೆಸಿ ಚೆಲ್ಲಿ, ಅಂಗೈಯಿಂದ ಒತ್ತಿ. ಮೇಲೆ ಮಣ್ಣು ಎಳೆಯಬೇಡಿ. ಗೊಬ್ಬರವಂತೂ ಬೇಡವೇ ಬೇಡ. ಗೊಬ್ಬರ ಹಾಕಿದರೆ ಹುಲ್ಲು, ಕಾಂಗ್ರೆಸ್ ಗಿಡ ಎದ್ದು ತುಂಬೆಯನ್ನು ಮುಚ್ಚಿಬಿಡುತ್ತವೆ. ಕಾಂಗ್ರೆಸ್ ಗಿಡ ಕಂಡರೆ ಹೂ ಬರುವ ಮೊದಲೇ ಕೀಳಿ, ಕೈಗೆ ಗ್ಲೌಸ್ ಇರಲಿ.

ಹೂ ಬಂದಾಗ ಒಮ್ಮೆ ಕೂತು ನೋಡಿ. ಜೇನುನೊಣ ಕೆಳಗಿನ ಅಗಲ ಎಸಳಿನ ಮೇಲೆ ಇಳಿಯುತ್ತದೆ. ಮೇಲಿನ ಎಸಳಿಗೆ ಬಿಳಿ ರೋಮ, ಅದರೊಳಗೆ ಪರಾಗ. ನೊಣ ತಲೆ ತೂರಿಸಿದರೆ ಸಾಕು, ಪರಾಗ ಬೆನ್ನಿಗೆ ಮೆತ್ತುತ್ತದೆ. ನನಗೆ ಇದಕ್ಕಿಂತ ಚೆಂದದ ಹೂ ಇಲ್ಲ.

ಕೂಡ್ಲಿಗಿ ರೈತ:
ಟೀಚರ್ ಹೇಳಿದ್ದು ಸರಿ. ಜೊತೆಗೆ ಹಳದಿ ಹೂವಿನ ನಾಯಿ ಸಾಸಿವೆ ಹಾಕಿ. ಮುಟ್ಟಿದರೆ ಅಂಟು ಅಂಟು, ಬರಕ್ಕೆ ಜಗ್ಗುವುದಿಲ್ಲ. ಅಣ್ಣೆ ಸೊಪ್ಪಿನ ಗುಲಾಬಿ ಬಿಳಿ ತೆನೆಯೂ ಅಂದವೇ. ಆದರೆ ಪಕ್ಕದಲ್ಲಿ ಯಾರದಾದರೂ ಹೊಲ ಇದ್ದರೆ ದಯವಿಟ್ಟು ಬೇಡ. ಕರಿ ಬೀಜ ಉದುರಿ ರಾಗಿ, ಜೋಳದ ಸಾಲಿಗೆ ಸೇರಿದರೆ ಕಳೆ ತೆಗೆಯುವವರ ಬೆನ್ನು ಮುರಿಯುತ್ತದೆ.

ಬಳ್ಳಾರಿ ಬಿಸಿಲು:
ಪಕ್ಕದಲ್ಲಿ ಹೊಲ ಇಲ್ಲ, ರಸ್ತೆ ಇದೆ. ಪ್ರತಿ ವರ್ಷ ಮತ್ತೆ ಬಿತ್ತಬೇಕಾ?

ಚಳ್ಳಕೆರೆ ಟೀಚರ್:
ಬೇಡ. ಒಣಗಿದ ಗಿಡ ನೋಡಲು ಚೆನ್ನಾಗಿಲ್ಲ ಅಂತ ಬೇಗ ಕಿತ್ತು ಹಾಕಬೇಡಿ, ಅಷ್ಟೇ. ಬೀಜ ಪೂರ್ತಿ ಉದುರಲಿ. ನಾಯಿ ಸಾಸಿವೆ ಕಾಯಿ ಮಾತ್ರ ಕಂದು ತಿರುಗಿದ ಕೂಡಲೇ ಸ್ವಲ್ಪ ಬಿಡಿಸಿ ಎತ್ತಿಡಿ. ಒಡೆದರೆ ಸಿಗುವುದಿಲ್ಲ.